ಮಗ್ಗದ ಕುಣಿಗೆ ಇಳಿಯದ ಮೌನೇಶ

ಹೊಂಬಳದ ಮೌನೇಶನಿಗೆ ಒಂದು ಹುಚ್ಚಿತ್ತು. ಯಾವ ಮೋಟಾರು ಕಂಡರೂ ಅದರ ಮೈಯಿಂದ ಒಂದು ತಂತಿ ಎಳೆದು ನೆಲಕ್ಕೆ ಹೂಳದಿದ್ದರೆ ಅವನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಗದಗಿನಲ್ಲಿ ಮುಂಡರಗಿ ರಸ್ತೆಯ ಬದಿಗೆ ಅವನದೊಂದು ತಗಡಿನ ಅಂಗಡಿ. ಸುಟ್ಟ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಕಸುಬು. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದಲೂ ರೈತರು ಟ್ರ್ಯಾಕ್ಟರಿನಲ್ಲಿ ಮೋಟಾರು ಹೇರಿಕೊಂಡು ಅವನನ್ನೇ ಹುಡುಕಿ ಬರುತ್ತಿದ್ದರು. ರಿಪೇರಿ ಮುಗಿದ ಮೇಲೆ ಅವನು ಕೇಳುತ್ತಿದ್ದ ಮೊದಲ ಮಾತು ಒಂದೇ: "ಅರ್ಥಿಂಗ್ ಹಾಕೀರೇನ್ರಿ?" ಇಲ್ಲ ಅಂದರೆ ಮೋಟಾರನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. "ಇಂವನ್ನ ಬಿಟ್ರ ಹಾಲು ಹಿಂಡೂ ಎಮ್ಮಿಗೂ ಅರ್ಥಿಂಗ್ ಹಾಕ್ತಾನ" ಎಂದು ಜನ ನಗುತ್ತಿದ್ದರು. ಮೌನೇಶ ನಗುತ್ತಿರಲಿಲ್ಲ.

ನಗದಿರಲು ಕಾರಣವಿತ್ತು. ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ತಿರಕಪ್ಪ ಕಾಕಾ ಹಮ್ಮಿಗಿಯ ಹೊಳೆದಂಡೆಯಲ್ಲಿ ಬರಿಗಾಲಲ್ಲಿ ನಿಂತು ಪಂಪಿನ ಸ್ಟಾರ್ಟರ್ ಮುಟ್ಟಿದವನು ಮತ್ತೆ ಏಳಲಿಲ್ಲ. ಹಸಿ ನೆಲ, ಬರಿಗಾಲು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಇಲ್ಲದ ಪಂಪು. ಮೂರೂ ಕೂಡಿ ಆಳೆತ್ತರದ ಕಾಕಾನನ್ನು ನುಂಗಿದ್ದವು. ಅಂದಿನಿಂದ ಕರೆಂಟಿನ ಕೆಲಸವಿದ್ದಲ್ಲಿ ಮೌನೇಶ ರಬ್ಬರ್ ಚಪ್ಪಲಿ ಕಳಚಿದವನಲ್ಲ. ದೇವರ ಗುಡಿಯಲ್ಲಿ ಲೈಟು ಕೆಟ್ಟರೂ, "ಚಪ್ಪಲಿ ಹಾಕ್ಕೊಂಡ ಬಂದ್ರ ನಡೀತದೇನ್ರಿ?" ಎಂದು ಕೇಳಿ, ಆಗದು ಅಂದರೆ ಕೈಮುಗಿದು ವಾಪಸಾಗುವ ಅಸಾಮಿ.

ಇಂಥವನಿಗೆ ಬೆಟಗೇರಿಯ ತಂಗಿಯ ಮನೆಯಲ್ಲಿ ಬಂದ ಕಷ್ಟವೇ ಬೇರೆ.

ತಂಗಿ ಸಪ್ನಾ ನೇಕಾರರ ಮನೆಯ ಸೊಸೆ. ಮದುವೆಯಾಗಿ ಹೋದ ಮೇಲೆ ಅತ್ತೆ ತಿಪ್ಪವ್ವನ ಪಕ್ಕ ಕೂತು ಕುಣಿಮಗ್ಗ ಕಲಿತಳು. ಕುಣಿಮಗ್ಗವೆಂದರೆ ಪಡಸಾಲೆಯ ನೆಲದಲ್ಲೇ ಒಂದು ಕುಣಿ. ನೇಯುವವರು ದಂಡೆಯ ಮೇಲೆ ಕೂತು ಎರಡೂ ಕಾಲು ಕುಣಿಯೊಳಗೆ ಇಳಿಬಿಡಬೇಕು. ಕೆಳಗಿರುವ ಎರಡು ತುಳಿಹಲಗೆಗಳನ್ನು ಒಂದಾದ ಮೇಲೊಂದು ತುಳಿದರೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಅರ್ಧ ಮೇಲೆ, ಅರ್ಧ ಕೆಳಗೆ ಸರಿದು, ನಡುವೆ ಅಡ್ಡನೂಲಿನ ಲಾಳಿ ಓಡಲು ದಾರಿಯಾಗುತ್ತದೆ. ನೂಲು ಒಣಗಿ ಬಿರುಸಾಗಿ ತುಂಡಾಗದಿರಲೆಂದು ದಿನಾ ಬೆಳಿಗ್ಗೆ ಕುಣಿಗೆ ನೀರು ಚಿಮುಕಿಸುತ್ತಾರೆ. ಅಲ್ಲಿಗೆ ಚಪ್ಪಲಿ ಮೆಟ್ಟಿ ಇಳಿಯುವಂತಿಲ್ಲ. ಅಮಾವಾಸ್ಯೆಯ ದಿನವಂತೂ ಯಾರೂ ಕುಣಿಗೆ ಕಾಲು ಹಾಕುವುದಿಲ್ಲ, ಮಗ್ಗಕ್ಕೆ ಅಂದು ವಿಶ್ರಾಂತಿ.

ಕಳಸಾಪುರದ ತಿರುವಿನಲ್ಲಿ ತಾನು ಕೂತ ಟಂಟಂ ಆಟೊ ಮಗುಚಿದ ದಿನ ಸಪ್ನಾಳ ಬಲಗಾಲು ಮೊಣಕಾಲಿನ ಕೆಳಗೆ ಸತ್ತುಹೋಯಿತು. ಕಾಲು ಇತ್ತು, ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ಊರುಗೋಲು ಹಿಡಿದು ನಡೆಯಲು ಕಲಿತಳು, ಅಡಿಗೆ ಮಾಡಲು ಕಲಿತಳು. ಆದರೆ ಮಗ್ಗಕ್ಕೆ ಎರಡು ಕಾಲು ಬೇಕು. ದಿನಾ ಮಗ್ಗದ ಮುಂದೆ ಕೂತು, ಅರ್ಧಕ್ಕೆ ನಿಂತ ಸೀರೆಯ ಮೇಲಿನ ಧೂಳು ಒರೆಸಿ ಏಳುತ್ತಿದ್ದಳು. ಒಮ್ಮೆ ಹಾಗೆ ಏಳುವಾಗ ಊರುಗೋಲು ಜಾರಿ ಕುಣಿಗೆ ಬಿದ್ದಳು. ಅಂದು ತಿಪ್ಪವ್ವ ಹಟ ಹಿಡಿದಳು.

"ಇದ್ದ ಒಂದ ಕಾಲೂ ಮುರಕೊಂಡ್ರ ಏನ ಮಾಡೂದು? ಕುಣಿ ಮುಚ್ಚಸ್ತೀನಿ. ನಮ್ಮ ಅತ್ತಿ ತೋಡಿಸಿದ ಕುಣಿ ಮುಚ್ಚಾಕ ನನಗೇನು ಹಿಗ್ಗ ಐತೇನು? ಆದ್ರ ಸೊಸಿಗಿಂತ ಕುಣಿ ದೊಡ್ಡದಲ್ಲ."

ಸಪ್ನಾ ಊರುಗೋಲು ಹಿಡಿದು ಹಿತ್ತಲಿಗೆ ಹೋದಳು. ಅಣ್ಣನಿಗೆ ಫೋನು ಮಾಡಿ, "ಅಣ್ಣಾ, ಏನರ ಮಾಡು" ಎಂದಳು. ಮಗ್ಗ ಬಿಟ್ಟರೆ ತಾನು ಮೂಲೆಗೆ ಸೇರಿದ ಹಾಗೆಯೇ ಎಂಬ ಅವಳ ಹೆದರಿಕೆ ಆ ಎರಡು ಮಾತಿನಲ್ಲೇ ಅವನಿಗೆ ಕೇಳಿಸಿತು.

ಮೌನೇಶ ಮೊಬೈಲಿನಲ್ಲಿ ನೋಡಿ ನೋಡಿ ಅಂಗೈಯಗಲದ ಕಂಟ್ರೋಲರ್ ಬೋರ್ಡುಗಳಿಗೆ ಕೋಡ್ ಬರೆಯುವುದನ್ನು ಕಲಿತಿದ್ದ. ಟ್ಯಾಂಕು ತುಂಬಿದರೆ ಪಂಪು ನಿಲ್ಲಿಸುವ ಪೆಟ್ಟಿಗೆಗಳನ್ನು ಮಾಡಿ ಮಾರುತ್ತಿದ್ದ. ಆ ಧೈರ್ಯದ ಮೇಲೆ ಒಂದು ಉಪಾಯ ಹೂಡಿದ. ಎಡಗಾಲ ಹೆಬ್ಬೆರಳ ಕೆಳಗೊಂದು, ಹಿಮ್ಮಡಿಯ ಕೆಳಗೊಂದು ತೆಳ್ಳನೆಯ ಬಿಲ್ಲೆ. ಎಷ್ಟು ಒತ್ತಿದರೆ ಅಷ್ಟು ದೊಡ್ಡ ಅಂಕಿಯನ್ನು ಬೋರ್ಡಿಗೆ ಮುಟ್ಟಿಸುವ ಸೆನ್ಸರುಗಳು ಅವು. ಮೇಲೆ ಎರಡು ಗಟ್ಟಿ ಸರ್ವೊ ಮೋಟಾರು. ಹೇಳಿದಷ್ಟೇ ತಿರುಗಿ ಅಲ್ಲೇ ನಿಲ್ಲುವಂಥವು. ಬೆರಳು ಒತ್ತಿದರೆ ಒಂದು ಸರ್ವೊ, ತುಳಿಹಲಗೆಗೆ ಬದಲಾಗಿ ಎಳೆಗಳನ್ನು ಸರಿಸುವ ಒಂದು ಹಗ್ಗ ಎಳೆಯಬೇಕು, ಹಿಮ್ಮಡಿ ಒತ್ತಿದರೆ ಇನ್ನೊಂದು. ಒಂದೇ ಕಾಲು ಎರಡು ಕಾಲಿನ ಕೆಲಸ ಮಾಡಬೇಕು.

"ಅಮಾಸಿ ಮರುದಿನ ಗೌಂಡಿ ಫಕೀರೇಶಗ ಬಾ ಅಂತ ಹೇಳೀನಿ" ಎಂದು ತಿಪ್ಪವ್ವ ಮೊದಲೇ ತಿಳಿಸಿದಳು. "ಅಷ್ಟರಾಗ ಆಕಿ ಸುಸೂತ್ರ ನೇದ್ರ ಫಕೀರೇಶ ಚಾ ಕುಡದು ಹೋಗ್ತಾನ. ಇಲ್ಲಾಂದ್ರ ಉಸುಕು ಸುರೀತಾನ."

ಮೌನೇಶ ಒಪ್ಪಿದ. ಒಪ್ಪಿದ ಮೇಲೆ ತನ್ನ ಹುಚ್ಚಿಗೆ ತಕ್ಕಂತೆ ಮೊದಲು ಅರ್ಥಿಂಗ್ ಕೆಲಸವನ್ನೇ ಹಿಡಿದ. ಆ ಹಳೆಯ ಮನೆಗೆ ಅರ್ಥಿಂಗೇ ಇರಲಿಲ್ಲ. ಸಪ್ನಾಳ ಗಂಡ ಲೋಹಿತನ ಕೈಯಲ್ಲಿ ಕುಣಿಯ ಒಂದು ಮೂಲೆಗೆ ಕಬ್ಬಿಣದ ಪೈಪು ಹೊಡೆಸಿದ. ಅದೂ ಸಾಲದೆನಿಸಿತು. ಗೋಡೆಯಾಚೆ ಯೂಸುಫನ ಹಿಟ್ಟಿನ ಗಿರಣಿ. ಗೋಡೆಗೆ ತೂತು ಕೊರೆದು, ಗಿರಣಿಯ ಅರ್ಥಿಂಗ್ ತಂತಿಯನ್ನೂ ತಂದು ಆ ಪೈಪಿಗೆ ಕಟ್ಟಿದ. ಪಂಪಿಗಾದರೆ ಕಬ್ಬಿಣದ ಮೈ ಇರುತ್ತದೆ, ಅದಕ್ಕೆ ತಂತಿ ಕಟ್ಟಬಹುದು. ಈ ಸರ್ವೊಗಳಿಗೆ ಪ್ಲಾಸ್ಟಿಕ್ ಮೈ. ಹಾಗಾಗಿ ಅವುಗಳಲ್ಲಿ ಕರೆಂಟು ಮರಳುವ ಕಪ್ಪು ತಂತಿ, ಸೆನ್ಸರಿನ ಕಪ್ಪು ತಂತಿ, ಬೋರ್ಡಿನ ಕಪ್ಪು ತಂತಿ, ಎಲ್ಲವನ್ನೂ ಬೇರೆ ಬೇರೆಯಾಗಿ ಒಯ್ದು ನೆಲಕ್ಕೇ ಮುಟ್ಟಿಸಿದ. ತಂಗಿಯ ಕಾಲು ಹಸಿ ಮಣ್ಣಿನಲ್ಲಿರುತ್ತದೆ, ಹುಡುಗಾಟವಲ್ಲ. ಅಷ್ಟಾದ ಮೇಲೆ ಅವನಿಗೆ ನಿದ್ದೆ ಹತ್ತಿತು.

ತಾನು ಮಾತ್ರ ಕುಣಿಗೆ ಇಳಿಯಲಿಲ್ಲ. ಚಪ್ಪಲಿ ಬಿಡುವಂತಿಲ್ಲ, ಚಪ್ಪಲಿ ಹಾಕಿ ಇಳಿಯುವಂತಿಲ್ಲ. ಮಗ್ಗದ ಪಕ್ಕದ ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಕೂತು, ಸರಳುಗಳ ನಡುವಿಂದ ತಂತಿ ಎಳೆದುಕೊಂಡು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡ. ಒಳಗೆ ಏನು ಆಗಬೇಕಾದರೂ ಸಪ್ನಾಳೇ ಅವನ ಕೈಕಾಲು.

ಮೊದಲ ದಿನ ಬೆಳಿಗ್ಗೆ ನಾಲ್ಕು ಸಲ ಲಾಳಿ ಓಡಿತು. ಸಪ್ನಾ ನಕ್ಕಳು. ಅಪಘಾತವಾದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ಮೌನೇಶ ನೋಡಿರಲಿಲ್ಲ. ಅಷ್ಟರಲ್ಲಿ ಬಲಗಡೆಯ ಸರ್ವೊ ಗಡಗಡ ನಡುಗಿ, ಯಾರೂ ಒತ್ತದಿದ್ದರೂ ಹಗ್ಗವನ್ನು ಜಗ್ಗಿತು. ಹಾಸಿನ ಎಳೆಗಳು ಪಟಪಟನೆ ಹರಿದವು.

ಅಲ್ಲಿಂದ ಶುರುವಾಯಿತು ನೋಡಿ ಗೋಳು. ಸಪ್ನಾ ಹರಿದ ಎಳೆಗಳನ್ನು ಗಂಟು ಹಾಕುವುದು, ಇವನು ಕೋಡ್ ತಿದ್ದುವುದು. ಸೆನ್ಸರಿನ ಅಂಕಿ ಜಿಗಿಯುತ್ತಿದೆಯೆಂದು ಹಲವು ಅಂಕಿ ಕೂಡಿಸಿ ಸರಾಸರಿ ತೆಗೆದ. ಇಷ್ಟು ಮೀರಿದರೆ ಮಾತ್ರ ಎಳೆ, ಇಷ್ಟಕ್ಕಿಂತ ಇಳಿದರೆ ಮಾತ್ರ ಬಿಡು ಎಂದು ಎರಡು ಗಡಿ ಹಾಕಿದ. ಬಿಲ್ಲೆ ಬದಲಿಸಿದ, ಸರ್ವೊ ಬದಲಿಸಿದ, ಸರ್ವೊಗೆ ಬೇರೆಯೇ ಅಡಾಪ್ಟರ್ ಕೊಟ್ಟ. ಸಂಜೆ ಓಣಿ ತಣ್ಣಗಾದ ಮೇಲೆ ತಾನು ಕಿಟಕಿಯಿಂದ ಕೋಲಿನಲ್ಲಿ ಒತ್ತಿ ನೋಡುವಾಗ ಎಲ್ಲ ಸರಿ. ಮರುದಿನ ಅವಳು ಕೂತಾಗ ಸ್ವಲ್ಪ ಹೊತ್ತು ಸರಿ, ಆಮೇಲೆ ಅದೇ ಕುಣಿತ. ಅಂಗಡಿಯಲ್ಲಿ ಮೋಟಾರುಗಳು ರಾಶಿ ಬಿದ್ದವು. ಇವನಿಗೆ ಊಟ ಸೇರದಾಯಿತು. ಸಪ್ನಾಳ ಮುಖವೂ ದಿನದಿಂದ ದಿನಕ್ಕೆ ಬಿಳಿಚಿಕೊಂಡಿತು. ಎಳೆ ಹರಿದ ಬೇಸರಕ್ಕೆಂದು ಅವನು ತಿಳಿದ.

ಅಮಾವಾಸ್ಯೆಯಂದು ಬೀಸಲು ಯಾರೂ ಬರುವುದಿಲ್ಲವೆಂದು ಯೂಸುಫ ಗಿರಣಿಗೆ ಬೀಗ ಹಾಕಿದ್ದ. ಓಣಿಯೆಲ್ಲ ತಣ್ಣಗಿತ್ತು. ಕುಣಿಗೆ ಕಾಲಿಡುವಂತಿಲ್ಲ, ಸರಿ. ಮೌನೇಶ ಅದೇ ಕೋಲಿನ ತುದಿಯಿಂದ ಕಿಟಕಿಯಲ್ಲೇ ಕೂತು ಬಿಲ್ಲೆಗಳನ್ನು ಒತ್ತಿ ಒತ್ತಿ ನೋಡಿದ. ದಿನವಿಡೀ ಒಂದು ತಪ್ಪಿಲ್ಲ. ಅಂಕಿ ಕಲ್ಲಿನ ಹಾಗೆ ನಿಂತಿತ್ತು, ಸರ್ವೊ ಹೇಳಿದ ಮಾತು ಕೇಳುತ್ತಿತ್ತು. ಗೆದ್ದೆ ಎಂದುಕೊಂಡ. "ನಾಳೆ ಫಕೀರೇಶಗ ಚಾ ಇಟ್ರಾತು, ಯವ್ವಾ" ಎಂದು ತಿಪ್ಪವ್ವನಿಗೆ ಜಂಭದಿಂದ ಹೇಳಿ ಮನೆಗೆ ಹೋದ.

ಮರುದಿನ ಅವನು ಬರುವ ಹೊತ್ತಿಗೆ ಬಾಗಿಲ ಮುಂದೆ ಉಸುಕು ಬಿದ್ದಿತ್ತು. ಫಕೀರೇಶ ಸಲಿಕೆ ಗೋಡೆಗೆ ಆನಿಸಿ, ಬೀಡಿ ಹಚ್ಚಿಕೊಂಡು ಕಟ್ಟೆಯ ತುದಿಗೆ ಕೂತಿದ್ದ. ಸಪ್ನಾ ಆಗಲೇ ನೀರು ಚಿಮುಕಿಸಿ ಮಗ್ಗದ ಮುಂದೆ ಕೂತಿದ್ದಳು. ಮೌನೇಶ ಕಿಟಕಿಯಲ್ಲಿ ಕೂತು ಅಂಕಿಗಳನ್ನು ನೋಡಿದ. ಸರಿ ಇದ್ದವು.

"ತುಳಿ" ಅಂದ.

ಲಾಳಿ ಓಡಿತು. ಮತ್ತೆ ಓಡಿತು. ತಿಪ್ಪವ್ವ ಒಲೆಯ ಹತ್ತಿರದಿಂದ ಎದ್ದು ಬಂದು ಸೊಸೆಯ ಬೆನ್ನ ಹಿಂದೆ ನಿಂತಳು. ಮೊನ್ನೆ ನೇದ ಅಂಗುಲದ ಮುಂದೆ ಹೊಸ ಅಂಚು ಏಳತೊಡಗಿತು. ಗೋಡೆಯಾಚೆ ಗಿರಣಿ ಗುರ್ರೆಂದಿತು. ಅದು ದಿನಾ ಗುರ್ರೆನ್ನುವುದೇ, ಯಾರೂ ಕಿವಿಗೊಡಲಿಲ್ಲ. ಮರುಗಳಿಗೆಗೆ ಅಂಕಿಗಳು ಹುಚ್ಚೆದ್ದವು. ಎರಡೂ ಸರ್ವೊ ಒಮ್ಮೆಲೇ ಜಗ್ಗಿದವು. ಒಂದು ಕೈಯಗಲ ಎಳೆ ಹರಿದು ಜೋತುಬಿದ್ದಿತು.

ಮೌನೇಶನ ಸಿಟ್ಟು ನೆತ್ತಿಗೇರಿತು. "ಕೋಲಿಲೆ ಒತ್ತಿದ್ರ ಸರಿ ಇರ್ತೈತಿ, ನೀ ಒತ್ತಿದ್ರ ಕೆಡತೈತಿ! ಕಾಲು ಯಾಕ ನಡುಗಸ್ತಿ? ಒಂದ ಕಾಲರ ನೆಟ್ಟಗ ಇಡಾಕ ಬರೂದಿಲ್ಲೇನು ನಿನಗ?"

ಅಂದಮೇಲೆ ಅವನಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಸಪ್ನಾ ತಲೆ ತಗ್ಗಿಸಿದಳು. ಹರಿದ ಎಳೆಯೊಂದನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. ಹೊರಗೆ ಫಕೀರೇಶ ಬೀಡಿ ಹೊಸಕಿ, ಸಲಿಕೆ ಹಿಡಿದು ಎದ್ದು ನಿಂತ.

ತಿಪ್ಪವ್ವ ಬೀಗರೆಂಬ ಮುಲಾಜು ನೋಡಲಿಲ್ಲ. "ಮೌನೇಶಪ್ಪಾ, ಇಷ್ಟ ದಿನ ಕಿಟಕ್ಯಾಗ ಕುಂತು ತುಳಿ ತುಳಿ ಅಂದಿ. ನೀ ಒಮ್ಮೆರ ತುಳದೀ ಏನು? ಆಕಿ ಕಾಲಿಗೆ ಹೆಸರಿಡೂಕಿಂತ ಮೊದಲ ನಿನ್ನ ಕಾಲು ಅಲ್ಲಿಟ್ಟ ನೋಡು."

ಮೌನೇಶ ತನ್ನ ಚಪ್ಪಲಿ ನೋಡಿಕೊಂಡ. ಹೊಳೆದಂಡೆ ನೆನಪಾಯಿತು, ಕೆಸರಿನಲ್ಲಿ ಮೂಡಿದ್ದ ಕಾಕಾನ ಹೆಜ್ಜೆಗಳು ನೆನಪಾದವು. ಆದರೂ ಮಾತು ನಾಟಿತ್ತು. ಕಟ್ಟೆಯಿಂದ ಇಳಿದು, ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ.

"ಏಳು" ಎಂದ ತಂಗಿಗೆ.

ಸಪ್ನಾ ಏಳಲಿಲ್ಲ. ಮಗ್ಗದ ಮರವನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಬ್ಯಾಡಣ್ಣಾ. ನನ್ನ ಕಾಲಿಂದ ತಪ್ಪು. ನಾಳಿಂದ ನೆಟ್ಟಗ ಇಡ್ತೀನಿ. ನೀ ಇಳೀಬ್ಯಾಡ."

"ನಾಳೆ ಎಲ್ಲೀದು? ಗೌಂಡಿ ಬಂದು ನಿಂತಾನ. ಏಳು."

"ನಿನ್ನ ಕಾಲಿಗೆ ಬೀಳ್ತೀನಿ, ಇಳೀಬ್ಯಾಡ!"

ಅವಳ ದನಿಯಲ್ಲಿದ್ದ ದಿಗಿಲು ಕಂಡು ಮೌನೇಶನಿಗೆ ಅನುಮಾನ ಹತ್ತಿತು. ಎಳೆ ಹರಿದದ್ದಕ್ಕೆ ಯಾರೂ ಹೀಗೆ ಹೆದರುವುದಿಲ್ಲ. ತಿಪ್ಪವ್ವ ಅವಳ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಮೌನೇಶ ದಂಡೆಯ ಮೇಲೆ ಕೂತು, ಮೊದಲು ಎಡಗಾಲನ್ನು ಕುಣಿಗೆ ಇಳಿಸಿದ.

ಹಸಿ ಮಣ್ಣು ತಣ್ಣಗಿತ್ತು. ತಣ್ಣಗಿನ ಹಿಂದೆಯೇ ಸಾವಿರ ಇರುವೆ ಒಮ್ಮೆಲೇ ಹತ್ತಿದ ಹಾಗೆ ಅಂಗಾಲಿನಿಂದ ಮೀನಖಂಡದವರೆಗೆ ಜುಮ್ಮೆಂದಿತು.

ಕಾಲನ್ನು ಸರಕ್ಕನೆ ಮೇಲೆಳೆದುಕೊಂಡ. ಅದೇ ಹೊತ್ತಿಗೆ, ಬೆಟಗೇರಿಯಲ್ಲಿ ದಿನಾ ಆಗುವಂತೆ, ಕರೆಂಟು ಹೋಯಿತು. ಗಿರಣಿ ನಿಟ್ಟುಸಿರು ಬಿಟ್ಟು ನಿಂತಿತು. ಕಿಟಕಿಯ ಮೇಲೆ ಬ್ಯಾಟರಿಯಿಂದ ಓಡುತ್ತಿದ್ದ ಲ್ಯಾಪ್‌ಟಾಪ್ ಬೋರ್ಡಿಗೂ ಸೆನ್ಸರಿಗೂ ಜೀವ ಕೊಡುತ್ತಲೇ ಇತ್ತು. ಅದರ ಪರದೆಯಲ್ಲಿ ಹುಚ್ಚೆದ್ದಿದ್ದ ಅಂಕಿಗಳು ತಟ್ಟನೆ ಸುಮ್ಮನಾದವು. ಅವನು ಗಟ್ಟಿ ಮನಸ್ಸು ಮಾಡಿ ಹೆಬ್ಬೆರಳಿನ ತುದಿಯನ್ನು ಮಣ್ಣಿಗೆ ತಾಗಿಸಿದ. ಬರೀ ತಂಪು. ಇರುವೆಗಳಿಲ್ಲ.

ಮೌನೇಶ ಗೋಡೆಯ ತೂತನ್ನು ನೋಡಿದ. ತಾನೇ ಕೊರೆದ ತೂತು, ತಾನೇ ಎಳೆದ ತಂತಿ.

"ಯೂಸುಫಭಾಯ್, ಸ್ವಿಚ್ ತಗೀರಿ! ಕರೆಂಟ್ ಬಂದ್ರೂ ಗಿರಣಿ ಚಾಲೂ ಮಾಡಬ್ಯಾಡ್ರಿ!" ಎಂದು ಕೂಗುತ್ತ ಹೊರಗೆ ಓಡಿದ. ಯೂಸುಫ ಹಿಟ್ಟು ಮೆತ್ತಿದ ಮುಖ ಹೊತ್ತು ಬಾಗಿಲಿಗೆ ಬಂದ.

"ಏನಾತು ಮಿಸ್ತ್ರಿ? ನಿಮ್ಮ ಪುಣ್ಯದಿಂದ ಗಿರಣಿ ಚಲೋ ನಡದೈತಿ. ಮೊದಲ ಅದರ ಮೈ ಮುಟ್ಟಿದ್ರ ಚುರುಕ್ ಅಂತಿತ್ತು, ಹಲಗಿ ಮ್ಯಾಲೆ ನಿಂತು ಬೀಸ್ತಿದ್ದೆ. ನೀವು ಆ ತಂತಿ ಎಳದಾಗಿಂದ ಚುರುಕ್ ಅನ್ನೂದ ನಿಂತೈತಿ. ಹೇಳಬೇಕಂತಿದ್ದೆ, ಮರತೆ."

ಮೌನೇಶ ಅಲ್ಲೇ ಕಟ್ಟೆ ಹಿಡಿದು ಕೂತ. ಗಿರಣಿಯ ಮೋಟಾರು ಒಳಗೊಳಗೇ ಕರೆಂಟು ಸೋರುತ್ತಿತ್ತು. ಅದರ ಅರ್ಥಿಂಗಿನ ಗುಂಡಿಗೆ ಯಾವ ಕಾಲಕ್ಕೋ ನೀರು ಹಾಕಿದ್ದು, ಒಣಗಿ ಬೆಂಡಾಗಿ ಕರೆಂಟನ್ನು ನೆಲಕ್ಕೆ ಇಳಿಸುತ್ತಿರಲಿಲ್ಲ. ಇವನು ದಾರಿ ಮಾಡಿಕೊಟ್ಟದ್ದೇ ತಡ, ಸೋರಿದ್ದೆಲ್ಲ ತಂತಿ ಹಿಡಿದು ದಿನಾ ನೀರುಣ್ಣುವ ಕುಣಿಗೆ ಹರಿದು ಬಂದಿತ್ತು. ಸೆನ್ಸರು, ಸರ್ವೊ, ಬೋರ್ಡು ಮೂರರ ನಡುವೆ ತಂತಿಯಿಂದ ತಂತಿಗೆ ನೇರ ಬೆಸುಗೆಯಿಲ್ಲದೆ ಮಣ್ಣನ್ನೇ ನಂಬಿದ್ದರಿಂದ, ಆ ಸೋರಿಕೆ ಸೆನ್ಸರಿನ ಅಂಕಿಯೊಳಗೂ ಹೊಕ್ಕಿತ್ತು. ಕೋಡಿನಲ್ಲಿ ಹುಳುಕೇ ಇರಲಿಲ್ಲ. ಕಾಕಾನನ್ನು ಕೊಂದದ್ದು ಮತ್ತೆ ಬರಬಾರದೆಂದು ಯಾವ ತಂತಿ ಎಳೆದಿದ್ದನೋ, ಅದೇ ತಂತಿಯಲ್ಲಿ ಅದನ್ನು ಕರೆತಂದು ತಂಗಿಯ ಕಾಲಡಿ ಇಟ್ಟಿದ್ದ. ಅಷ್ಟು ದಿನ ಅವಳು ಉಳಿದದ್ದು ದೊಡ್ಡದು.

ಒಳಗೆ ಬಂದು ತಂಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಯಾವಾಗಿಂದ ಗೊತ್ತಿತ್ತ ನಿನಗ?"

ಸಪ್ನಾ ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಸಪ್ನಾ!"

"ಮೊದಲಿಂದ" ಎಂದಳು ಮೆಲ್ಲಗೆ. "ಈ ಕಾಲಿಗೆ ಏನೂ ತಿಳಿಯೂದಿಲ್ಲ. ಆ ಕಾಲಿಗೆ ಜುಮ್ ಅಂತಿತ್ತು. ತಡಕೊಂಡ ತುಳೀತಿದ್ದೆ."

"ಹುಚ್ಚಿ, ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಅವತ್ತ ಎಲ್ಲಾ ಬಿಚ್ಚಿ ಒಯ್ತಿದ್ದಿ. ನನಗ ಗೊತ್ತಿಲ್ಲೇನು ನೀ ಎಷ್ಟ ಅಂಜ್ತಿ ಅಂತ?"

ತಿಪ್ಪವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೌನೇಶನ ಕಣ್ಣೀರು ಎಲ್ಲರ ಮುಂದೆಯೇ ಹರಿಯಿತು. ತನ್ನ ಅಂಜಿಕೆ ತಂಗಿಯ ಬಾಯಿ ಕಟ್ಟಿಹಾಕಿದ್ದು ಅವನಿಗೆ ಎಲ್ಲಕ್ಕಿಂತ ಹೆಚ್ಚು ನೋಯಿತು. ಒಂದ ಕಾಲರ ನೆಟ್ಟಗ ಇಡಾಕ ಬರೂದಿಲ್ಲೇನು ಎಂದಿದ್ದನಲ್ಲ, ಆ ಮಾತು ಕಿವಿಯಲ್ಲೇ ಗುಂಯ್‌ಗುಡುತ್ತಿತ್ತು.

"ಯವ್ವಾ, ಫಕೀರೇಶಗ ಒಂದೀಟ ತಡಿ ಅಂತ ಹೇಳ್ರಿ" ಎಂದ. "ಆಮ್ಯಾಲೂ ನಿಮಗ ಮುಚ್ಚಬೇಕನಿಸಿದ್ರ ನಾನ ಸಲಿಕಿ ಹಿಡೀತೀನಿ."

ಗಿರಣಿಯ ಫ್ಯೂಸ್ ಕಿತ್ತಿಟ್ಟುಕೊಂಡು ಬಂದ. ಗೋಡೆಯ ತಂತಿಯನ್ನು ಕತ್ತರಿಸಿ ತೂತಿಗೆ ಬಟ್ಟೆ ತುರುಕಿದ. ಪೈಪು ಕಿತ್ತ. ಕಪ್ಪು ತಂತಿಗಳನ್ನೆಲ್ಲ ಮಣ್ಣಿನಿಂದ ಬಿಡಿಸಿ, ಪೆಟ್ಟಿಗೆಯೊಳಗೆ ಒಂದೇ ಕಡೆ ಸೇರಿಸಿ ಬೆಸುಗೆ ಹಾಕಿದ. ಅಡಾಪ್ಟರ್ ತೆಗೆದು ತನ್ನ ಗಾಡಿಯ ಬ್ಯಾಟರಿ ಬಿಚ್ಚಿ ತಂದು ಜೋಡಿಸಿದ. ಇನ್ನು ಮನೆಯ ಕರೆಂಟಿಗೂ ಕುಣಿಗೂ ಸಂಬಂಧವಿಲ್ಲ. ಬಿಲ್ಲೆಗಳನ್ನು ಕಟ್ಟಿಗೆಯ ಹಲಗೆಯ ಮೇಲೆ ಕೂರಿಸಿ ರಬ್ಬರು ಹೊದಿಸಿದ. ಸಪ್ನಾ ಹರಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕುತ್ತಿದ್ದಳು.

ಕರೆಂಟು ಬಂತು. ಮೌನೇಶ ಫ್ಯೂಸನ್ನು ಯೂಸುಫನ ಕೈಗೆ ಕೊಟ್ಟ. "ಹಲಗಿ ಮ್ಯಾಲೆ ನಿಂತು, ಗಿರಣಿ ಮೈ ಮುಟ್ಟದ ಚಾಲೂ ಮಾಡ್ರಿ. ನಾ ಬಂದ್ ಅಂದ ಕೂಡ್ಲೆ ನಿಲ್ಲಸ್ರಿ. ಆಮ್ಯಾಲೆ ನಿಮ್ಮ ಮೋಟಾರ್ ಇಳಿಸಿ ಒಯ್ತೀನಿ, ಹಿಂಗ ನಡಸಾಕ ಬಿಡೂದಿಲ್ಲ." ಜೋಳದ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರು ಗೊಣಗಿದರು. ಅವನಿಗೆ ಕೇಳಿಸಲಿಲ್ಲ.

ಒಳಗೆ ಬಂದು ಕರೆಂಟು ಅಳೆಯುವ ಮೀಟರಿನ ಎರಡು ಮೊನೆಗಳನ್ನು ಮಣ್ಣಿಗೆ ಚುಚ್ಚಿಟ್ಟು, ಚಾಲೂ ಮಾಡ್ರಿ ಎಂದು ಯೂಸುಫನಿಗೆ ಕೂಗಿದ. ಗಿರಣಿ ಗುರ್ರೆಂದಿತು. ಮೀಟರಿನ ಅಂಕಿ ಮೇಲೇಳಲಿಲ್ಲ. ಇಷ್ಟು ಸಾಕಿತ್ತು, ಬೇರೆಯವರ ಮನೆಯಾಗಿದ್ದರೆ ಅವನೂ ಇಷ್ಟಕ್ಕೇ ಬಿಡುತ್ತಿದ್ದ. ಆದರೆ ಇಲ್ಲಿ ಕೂರುವವಳು ನೋವನ್ನು ನುಂಗಿ ತುಳಿಯುವವಳು. ಅವಳ ಮಾತನ್ನು ನಂಬುವ ಹಾಗಿಲ್ಲ, ಮೀಟರಿನ ಮಾತೂ ಅವನಿಗೆ ಸಾಲದು.

ಮೌನೇಶ ದಂಡೆಯ ಮೇಲೆ ಕೂತ. ಕಣ್ಣು ಮುಚ್ಚಿದ. ಎರಡೂ ಬರಿಗಾಲನ್ನು ಕುಣಿಗೆ ಇಳಿಸಿ, ಪಾದ ಪೂರ್ತಿ ಊರಿದ. ಗಿರಣಿ ಗುರುಗುಡುತ್ತಲೇ ಇತ್ತು.

ಮಣ್ಣು ಬರೀ ಮಣ್ಣಾಗಿತ್ತು.

ಹೆಬ್ಬೆರಳು ಒತ್ತಿದ. ಒಂದು ಹಗ್ಗ ಎಳೆದು ನಿಂತಿತು. ಹಿಮ್ಮಡಿ ಒತ್ತಿದ. ಅದು ಬಿಟ್ಟಿತು, ಇನ್ನೊಂದು ಎಳೆಯಿತು. ಮತ್ತೆ ಒತ್ತಿದ, ಮತ್ತೆ ಮತ್ತೆ ಒತ್ತಿದ. ಕಾಲು ತೆಗೆದು ಸುಮ್ಮನೆ ಮಣ್ಣಿನಲ್ಲಿಟ್ಟು ಕಾದ. ಸರ್ವೊ ಕದಲಲಿಲ್ಲ. ಕಿಟಕಿಯಲ್ಲಿದ್ದ ಲ್ಯಾಪ್‌ಟಾಪಿನ ಪರದೆಯಲ್ಲಿ ಅಂಕಿಗಳು ಅಮಾವಾಸ್ಯೆಯಂದು ನಿಂತ ಹಾಗೆ ನಿಂತಿದ್ದವು. ಆದರೂ ಅವನು ಏಳಲಿಲ್ಲ. ಇನ್ನೊಂದು ಸಲ, ಇನ್ನೂ ಒಂದು ಸಲ ಎಂದು ಒತ್ತುತ್ತಲೇ ಇದ್ದ. ತಿಪ್ಪವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಪಾತ್ರೆಯ ಸದ್ದು ಕೇಳಿ ಫಕೀರೇಶ ಸಲಿಕೆಯನ್ನು ಮತ್ತೆ ಗೋಡೆಗೆ ಆನಿಸಿದ.

ಸಪ್ನಾ ಊರುಗೋಲು ಊರುತ್ತ ಬಂದು ಅಣ್ಣನ ಹೆಗಲ ಮೇಲೆ ಕೈಯಿಟ್ಟಳು.

"ಏಳಣ್ಣಾ" ಎಂದಳು. "ಅದು ನನ್ನ ಜಾಗ."